ದಂಡು ಹಾದ ಸೀಮೆಯಲ್ಲಿ ಚರಿತ್ರೆಯ ತರಗತಿ



ಎಸ್‌ಎಸ್‌ಎಲ್‌ಸಿ ಓದುವ ಯಾವ ಮಗುವನ್ನಾದರೂ ಎಬ್ಬಿಸಿ ‘ಶ್ರೀರಂಗಪಟ್ಟಣ ಒಪ್ಪಂದದ ನಿಬಂಧನೆಗಳು ಯಾವುವು’ ಎಂದು ಕೇಳಿ ನೋಡಿ. ಅರ್ಧ ರಾಜ್ಯ ಬಿಟ್ಟುಕೊಡುವುದು, 3 ಕೋಟಿ 30 ಲಕ್ಷ ರೂಪಾಯಿ ಯುದ್ಧ ಪರಿಹಾರ, ಇಬ್ಬರು ಮಕ್ಕಳ ಒತ್ತೆ, ಸೆರೆಯಾಳುಗಳ ಬಿಡುಗಡೆ ಎಂದು ಉಸಿರು ಬಿಡದೆ ಹೇಳುತ್ತದೆ. ಅಂಕವೂ ಬರುತ್ತದೆ. ಆ ಮಗುವಿಗೆ ಇನ್ನೊಂದು ಪ್ರಶ್ನೆ ಹಾಕಿ: ಆ 3 ಕೋಟಿ 30 ಲಕ್ಷ ಎಲ್ಲಿಂದ ಬಂತು? ಯಾರ ಮನೆಯಿಂದ ಬಂತು? ಮಗು ಸುಮ್ಮನಾಗುತ್ತದೆ. ಅದರ ತಪ್ಪಲ್ಲ. ಆ ಪ್ರಶ್ನೆಗೆ ನಮ್ಮ ಪಾಠದಲ್ಲಿ ಜಾಗವೇ ಇಲ್ಲ.

ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ. ಶಾಲೆಯಲ್ಲಿ ಯುದ್ಧ ಮತ್ತು ಸಾಮ್ರಾಜ್ಯದ ಪಾಠವನ್ನು ನಾವು ಕೋಟೆಯೊಳಗೆ ನಿಂತು ಹೇಳುತ್ತಾ ಬಂದಿದ್ದೇವೆ. ಅದನ್ನು ಊರಿನಲ್ಲಿ ನಿಂತು ಹೇಳಬೇಕು. ದಂಡಿಗೆ ರಾಗಿ ಕೊಟ್ಟವರು, ಎತ್ತು ಕಳೆದುಕೊಂಡವರು, ಹೊಲ ಸುಟ್ಟಿದ್ದನ್ನು ನೋಡಿದವರು, ಕಂದಾಯದ ರೂಪದಲ್ಲಿ ಸೋಲಿನ ಬೆಲೆ ಕಟ್ಟಿದವರು ಎಲ್ಲಿದ್ದರೋ ಅಲ್ಲಿಂದ ಶುರುವಾಗಬೇಕು. ಸಂತೆಬಾಚಹಳ್ಳಿಯಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ನಮ್ಮ ಕೃಷ್ಣರಾಜಪೇಟೆ, ಪಕ್ಕದ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಹದಿನೆಂಟನೇ ಶತಮಾನದ ಕೊನೆಯ ಮೂವತ್ತು ವರ್ಷ ದಂಡುಗಳು ಓಡಾಡಿದಷ್ಟು ಕರ್ನಾಟಕದ ಬೇರೆ ಕಡೆ ಓಡಾಡಿದ್ದು ಕಡಿಮೆ.

1791ನೇ ಇಸವಿಯನ್ನೇ ತೆಗೆದುಕೊಳ್ಳೋಣ. ಪಠ್ಯಪುಸ್ತಕದಲ್ಲಿ ಮೂರನೇ ಮೈಸೂರು ಯುದ್ಧ 1790ರಲ್ಲಿ ಶುರುವಾಗಿ 1792ರಲ್ಲಿ ಆ ಶ್ರೀರಂಗಪಟ್ಟಣ ಒಪ್ಪಂದದೊಂದಿಗೆ ಮುಗಿಯುತ್ತದೆ. ನಡುವಿನ ಆ ವರ್ಷ ಒಂದೆರಡು ಸಾಲಿನಲ್ಲಿ ಕಳೆದುಹೋಗುತ್ತದೆ. ಆದರೆ ನಮ್ಮ ಸೀಮೆಗೆ ಅದೇ ದೊಡ್ಡ ವರ್ಷ. ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಹಿಡಿದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟ. ಅವನು ಬರುವ ದಾರಿಯುದ್ದಕ್ಕೂ ಟಿಪ್ಪು ಮೇವು ಸುಡಿಸಿದ್ದ, ಊರುಗಳನ್ನು ಖಾಲಿ ಮಾಡಿಸಿದ್ದ. ಶತ್ರುವಿನ ದಂಡು ಹಸಿದು ಸಾಯಲಿ ಎಂಬ ಲೆಕ್ಕ. ಯುದ್ಧದ ದೃಷ್ಟಿಯಿಂದ ಅದು ಸರಿಯಾದ ಲೆಕ್ಕವೇ, ಹಾಗೆಯೇ ಫಲಿಸಿತು ಕೂಡ. ಮೇ 15ರಂದು ಅರಕೆರೆಯ ಹತ್ತಿರ ಕಾದಾಟವಾಯಿತು. ಇಂಗ್ಲಿಷರು ಗೆದ್ದರು. ಗೆದ್ದವರ ಹತ್ತಿರ ತಿನ್ನುವುದಕ್ಕೆ ಇರಲಿಲ್ಲ. ಮಳೆ ಹಿಡಿದಿತ್ತು, ದಂಡಿನಲ್ಲಿ ಸಿಡುಬು ಹಬ್ಬಿತ್ತು, ತೋಪು ಎಳೆಯುವ ಎತ್ತುಗಳು ರೋಗ ಬಂದು ರಾಶಿ ರಾಶಿಯಾಗಿ ಸತ್ತವು. ದೊಡ್ಡ ತೋಪುಗಳನ್ನು ಕನ್ನಂಬಾಡಿಯವರೆಗೆ ಎಳೆದು ತಂದ ಕಾರ್ನ್‌ವಾಲಿಸ್, ಮುಂದಕ್ಕೆ ಸಾಗಿಸಲಾರದೆ ಅಲ್ಲೇ ತನ್ನ ಕೈಯಾರೆ ಅವನ್ನು ಹಾಳುಗೆಡವಿ ಬೆಂಗಳೂರಿಗೆ ಹಿಂತಿರುಗಿದ. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ. ನಮ್ಮ ತಾಲ್ಲೂಕಿನ ಅಂಚಿಗೆ ಬಂದು ನಿಲ್ಲುತ್ತದಲ್ಲ, ಅದೇ ಹಿನ್ನೀರು.

ಇಲ್ಲಿ ಒಂದು ಕ್ಷಣ ತರಗತಿಯನ್ನು ನಿಲ್ಲಿಸಬೇಕು. ‘ಮೇವು ಸುಟ್ಟರು’ ಎಂಬ ಎರಡು ಪದದ ಒಳಗೆ ಏನಿದೆ ಎಂದು ಮಕ್ಕಳನ್ನೇ ಕೇಳಬೇಕು. ಮೇ ತಿಂಗಳಲ್ಲಿ ನಮ್ಮ ಕಡೆ ಹೊಲದಲ್ಲಿ ಏನಿರುತ್ತದೆ, ಮೆದೆಯಲ್ಲಿ ಏನಿರುತ್ತದೆ, ಹಸುಕರುಗಳಿಗೆ ಮುಂಗಾರಿನ ಹುಲ್ಲು ಚಿಗುರುವ ತನಕ ಏನು ಹಾಕುತ್ತೇವೆ ಎಂಬುದು ಈ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಜನ ಊರು ಬಿಟ್ಟು ಹೊರಡುವಾಗ ಏನನ್ನು ಹೊತ್ತೊಯ್ಯಬಲ್ಲರು, ಏನನ್ನು ಬಿಟ್ಟುಹೋಗಬೇಕು? ಬಿಟ್ಟುಹೋದದ್ದು ಯಾರ ಪಾಲು? ಈ ಪ್ರಶ್ನೆಗೆ ಉತ್ತರಿಸಲು ಗೈಡು ಬೇಡ. ಮನೆಯಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕೇಳಿದರೆ ಹಗೇವು ಎಷ್ಟು ಆಳ, ಎಷ್ಟು ಪಲ್ಲ ಹಿಡಿಯುತ್ತಿತ್ತು ಎಂದು ಹೇಳುತ್ತಾರೆ. ಯುದ್ಧತಂತ್ರ ಎನ್ನುವುದು ಒಂದು ಮನೆಯ ಆರು ತಿಂಗಳ ಊಟದ ವಿಷಯವೂ ಹೌದು ಎಂಬುದು ಹಾಗೆ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕಾರ್ನ್‌ವಾಲಿಸನ ಹಸಿದ ದಂಡು ಮೇಲುಕೋಟೆಯ ಕಡೆಯಿಂದ ಹಿಂದಿರುಗುವಾಗ ಪರಶುರಾಮ ಭಾವು ಮತ್ತು ಹರಿಪಂತ ಫಡಕೆಯವರ ಮರಾಠಾ ದಂಡು ಎದುರಾಯಿತು. ಮೊದಲು ಶತ್ರು ಎಂದು ಗಾಬರಿ, ಆಮೇಲೆ ಮಿತ್ರರೆಂದು ತಿಳಿದು ಸಮಾಧಾನ. ಆ ಮರಾಠಾ ಪಾಳೆಯದೊಳಗೆ ಒಂದು ಸಂತೆಯೇ ಇತ್ತು. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ಕಾಶ್ಮೀರದ ಶಾಲಿನಿಂದ ಹಿಡಿದು ಬರ್ಮಿಂಗ್‌ಹ್ಯಾಮಿನ ಚಾಕುವಿನ ತನಕ, ವಜ್ರದಿಂದ ಹಿಡಿದು ಒಣಮೀನಿನ ತನಕ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಚಿನಿವಾರರ ಮೇಜುಗಳೂ ಇದ್ದವು. ದವಸ ಮಾತ್ರ ಭಾರಿ ಬೆಲೆ. ಅದನ್ನು ಕೊಂಡು ಇಂಗ್ಲಿಷ್ ದಂಡು ಬದುಕಿಕೊಂಡಿತು.

ಮುಂದಿನ ಸಾಲಿನಲ್ಲಿ ಕೂತಿರುವ ನೀವು ಸಂತೆಯ ಹೆಸರನ್ನೇ ಹೊತ್ತ ಊರಿನ ಮಕ್ಕಳು. ವಾರದ ಸಂತೆಗೆ ಯಾವ ಊರಿನಿಂದ ಯಾವ ಸಾಮಾನು ಬರುತ್ತದೆ ಎಂಬುದು ನಿಮಗೆ ಗೊತ್ತಿದೆ. ಹಾಗಾದರೆ ಈ ಪಾಳೆಯದ ಸಂತೆಗೆ ಸಾಮಾನು ಎಲ್ಲಿಂದ ಬಂತು? ಒಂದಷ್ಟು ವ್ಯಾಪಾರಿಗಳು ಹೊತ್ತು ತಂದದ್ದು. ಎತ್ತುಗಳ ಮೇಲೆ ದವಸ ಹೇರಿಕೊಂಡು ಎಲ್ಲ ದಂಡುಗಳಿಗೂ ಮಾರುತ್ತಿದ್ದ ಲಂಬಾಣಿಗರು ತಂದದ್ದು ಒಂದಷ್ಟು. ಇನ್ನುಳಿದದ್ದು ದಾರಿಯ ಊರುಗಳಿಂದ ಎತ್ತಿಕೊಂಡು ಬಂದದ್ದು. ಯುದ್ಧವನ್ನು ಕತ್ತಿ ಮತ್ತು ತೋಪಿನ ವಿಷಯವೆಂದು ತಿಳಿದ ಮಗುವಿಗೆ ಅದು ಕೊಳ್ಳುವ, ಮಾರುವ, ದೋಚುವ, ಸಾಲ ಕೊಡುವ ದೊಡ್ಡ ವ್ಯವಹಾರವೂ ಆಗಿತ್ತೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ನಡೆದದ್ದು ಯುರೋಪಿನಲ್ಲಲ್ಲ, ಮೇಲುಕೋಟೆಯ ಬೆಟ್ಟದ ಆಸುಪಾಸಿನಲ್ಲಿ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಮತ್ತೆ ಬಂದರು. ಗಂಜಾಮಿನ ಲಾಲ್‌ಬಾಗಿನ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಕಟ್ಟುಗಳನ್ನು ಕಟ್ಟಿದರು. ಅಲ್ಲಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಅದೇ ಹೊತ್ತಿನಲ್ಲಿ ಮರಾಠಾ ದಂಡು ನಾಗಮಂಗಲವನ್ನು ಹಾಳುಮಾಡಿತು.

ಇಷ್ಟು ಹೇಳಿದ ಮೇಲೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ‘ಸಾರ್, ಹಾಗಾದರೆ ಇದರಲ್ಲಿ ಯಾರು ಒಳ್ಳೆಯವರು?’ ಎಂದು ಕೇಳುತ್ತಾನೆ. ಕೇಳಿಯೇ ಕೇಳುತ್ತಾನೆ. ಮನೆಯಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ಅವನು ಕೇಳಿಸಿಕೊಂಡಿರುವ ಏಕೈಕ ಪ್ರಶ್ನೆ ಅದು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಪಠ್ಯದಿಂದ ಟಿಪ್ಪುವಿನ ಪಾಠವನ್ನೇ ತೆಗೆಯಬೇಕೆಂಬ ಬೇಡಿಕೆ ಬಂತು, ತೆಗೆಯಲಾಗದು ಎಂದು ತಜ್ಞರ ಸಮಿತಿ ಹೇಳಿತು. 2022ರಲ್ಲಿ ಪಠ್ಯ ಪರಿಷ್ಕರಣೆ, 2023ರಲ್ಲಿ ಮರುಪರಿಷ್ಕರಣೆ. ಈ ಜಗಳದ ನಡುವೆ ಪುಸ್ತಕ ಹಿಡಿದು ನಿಂತ ಮೇಷ್ಟ್ರಿಗೆ ನನ್ನ ಪೂರ್ಣ ಸಹಾನುಭೂತಿ ಇದೆ. ಏನು ಹೇಳಿದರೂ ಯಾರಿಗಾದರೂ ನೋವಾಗುತ್ತದೆ ಎಂದು ಹೆದರಿ ನಿಬಂಧನೆಗಳನ್ನು ಬರೆಸಿ ಸುಮ್ಮನಾಗುತ್ತಾರೆ.

ಸುಮ್ಮನಾಗಬಾರದು. ಮೇಲುಕೋಟೆಯನ್ನೇ ನೋಡಿ, ಒಂದೇ ಊರು. 1771ರ ಮಾರ್ಚಿಯಲ್ಲಿ ಮರಾಠರು ಚಿನಕುರಳಿಯ ಬಳಿ ಹೈದರಾಲಿಯ ದಂಡನ್ನು ಚೆಲ್ಲಾಪಿಲ್ಲಿ ಮಾಡಿದರು. ಗೆದ್ದವರು ಮೇಲುಕೋಟೆಗೆ ನುಗ್ಗಿ ದೋಚಿದರು. ದೇವರ ತೇರುಗಳಿಗೆ ಹೊಡೆದ ಕಬ್ಬಿಣದ ಪಟ್ಟಿ ಬೇಕೆಂದು ತೇರಿಗೇ ಬೆಂಕಿ ಇಟ್ಟರು, ಬೆಂಕಿ ಗುಡಿಗಳಿಗೂ ಹಬ್ಬಿತು. ಅದೇ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕಚತುರ್ದಶಿಯ ಹಬ್ಬ ಮಾಡುವುದಿಲ್ಲ. ಆ ದಿನ ಟಿಪ್ಪುವಿನ ಆಜ್ಞೆಯಂತೆ ತಮ್ಮ ಹಿರಿಯರನ್ನು ಕೊಂದರು ಎಂಬ ನೆನಪನ್ನು ಅವರು ತಲೆಮಾರುಗಳಿಂದ ಹೊತ್ತಿದ್ದಾರೆ. ಆ ದೇವಸ್ಥಾನದಲ್ಲಿಯೇ ಟಿಪ್ಪು ಕೊಟ್ಟ ಕಾಣಿಕೆಗಳೂ ಇವೆ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯ ಮಠವನ್ನು ದೋಚಿದಾಗ ಮಠದ ಸ್ವಾಮಿಗಳಿಗೆ ಟಿಪ್ಪು ಕನ್ನಡದಲ್ಲಿ ಬರೆಸಿದ ಕಾಗದಗಳು ಸಿಕ್ಕಿವೆ. 1916ರಲ್ಲಿ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಅದೇ ಟಿಪ್ಪು 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. ಕೊಡಗಿನಿಂದ ಸೆರೆ ಹಿಡಿದು ತಂದವರ ಕಥೆಯೂ ಇದೆ.

ಇವುಗಳಲ್ಲಿ ನಮಗೆ ಬೇಕಾದ ಎರಡನ್ನು ಆರಿಸಿ ಮಿಕ್ಕದ್ದನ್ನು ಬಚ್ಚಿಟ್ಟರೆ ಮಗುವಿಗೆ ಮೋಸ ಮಾಡಿದ ಹಾಗೆ. ಎಲ್ಲವನ್ನೂ ಮುಂದಿಡಬೇಕು. ಮುಂದಿಟ್ಟು, ಯಾವುದು ಕಾಗದದಲ್ಲಿದೆ, ಯಾವುದು ಕಲ್ಲಿನ ಮೇಲಿದೆ, ಯಾವುದು ಮನೆಯ ನೆನಪಿನಲ್ಲಿದೆ, ಯಾವುದನ್ನು ಗೆದ್ದ ಶತ್ರು ಬರೆದಿದ್ದಾನೆ ಎಂದು ಬಿಡಿಸಿ ತೋರಿಸಬೇಕು. ಮನೆಯ ನೆನಪನ್ನು ದಾಖಲೆಯಿಲ್ಲ ಎಂದು ತಳ್ಳಿಹಾಕುವುದು ಕ್ರೌರ್ಯ. ಅದನ್ನೇ ಪೂರ್ತಿ ಚರಿತ್ರೆ ಎಂದು ಸಾರುವುದೂ ತಪ್ಪು. ಒಂದು ಸಮುದಾಯ ಇನ್ನೂರು ವರ್ಷ ಹಬ್ಬ ಬಿಟ್ಟಿದೆ ಎಂಬುದೇ ಮಗು ಗೌರವದಿಂದ ಕೇಳಬೇಕಾದ ಸಂಗತಿ. ಆ ನೆನಪನ್ನು ಇವತ್ತಿನ ನೆರೆಮನೆಯ ಮಗುವಿನ ತಲೆಗೆ ಕಟ್ಟಬಾರದು ಎಂಬುದೂ ಅದೇ ಪಾಠದ ಭಾಗ. ನಮ್ಮ ತರಗತಿಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಹೆಸರು ಕರೆಯುವಾಗ ಯಾವ ಮಗುವೂ ತಲೆ ತಗ್ಗಿಸುವಂತಾಗಬಾರದು.

ದಾಖಲೆ ಕೇಳುವ ಗುಣ ಎಷ್ಟು ಮುಖ್ಯ ಎಂಬುದನ್ನು ನಮ್ಮ ಜಿಲ್ಲೆಯೇ ಇತ್ತೀಚೆಗೆ ಕಂಡಿದೆ. 2023ರ ಮಾರ್ಚಿಯಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬ ಮಾತು ಮಂಡ್ಯದಲ್ಲಿ ಹಬ್ಬಿತು. ಆ ಹೆಸರಿನ ಕಮಾನು ನಿಂತಿತು, ಸಿನಿಮಾ ಘೋಷಣೆಯಾಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳು ಸರಿಯಾದ ದಾಖಲೆಗಳಿಲ್ಲದೆ ಹೀಗೆ ಮಾಡುವುದು ಬೇಡ ಎಂದರು. ಸಿನಿಮಾ ನಿಂತಿತು. 1799ರ ಮೇ 4ರಂದು ಕೋಟೆಯ ಬಾಗಿಲಿನ ನೂಕುನುಗ್ಗಲಿನಲ್ಲಿ ಟಿಪ್ಪುವಿನ ಮೇಲೆ ಗುಂಡು ಹಾರಿಸಿದವನು ಹೆಸರು ಗೊತ್ತಿಲ್ಲದ ಒಬ್ಬ ಸೈನಿಕ ಎಂದೇ ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಹೆಸರು ಸಿಕ್ಕಿದ್ದರೆ ಗೆದ್ದವರು ಅದನ್ನು ಲಂಡನ್ನಿನ ತನಕ ಮೆರೆಸುತ್ತಿದ್ದರು. ಈ ಪ್ರಸಂಗವನ್ನು ಒಂಬತ್ತನೇ ತರಗತಿಯಲ್ಲಿ ಒಂದು ಗಂಟೆ ಚರ್ಚೆಗೆ ಇಡಿ. ಒಂದು ಸುದ್ದಿ ಚರಿತ್ರೆಯಾಗಲು ಏನು ಬೇಕು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ. ಯಾರನ್ನೂ ಹೀಯಾಳಿಸದೆ, ಪಕ್ಷಗಳ ಹೆಸರೆತ್ತದೆ ಇದನ್ನು ಮಾಡಬಹುದು.

ಪ್ರವಾಸದಲ್ಲಿ ನಾವು ಮಕ್ಕಳನ್ನು ದರಿಯಾ ದೌಲತ್‌ಗೆ ಕರೆದೊಯ್ಯುತ್ತೇವೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಸೋತ ಇಂಗ್ಲಿಷ್ ಸೇನಾಪತಿ ಬೇಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಮಕ್ಕಳು ನಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಸಾಲಾಗಿ ಬಸ್ಸಿಗೆ ಬರುತ್ತಾರೆ. ಆ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿಸಿ ಎಂದು ನಾನು ಬೇಡಿಕೊಳ್ಳುತ್ತೇನೆ. ಕೋಟೆ ಬಿದ್ದ ಮೇಲೆ ಅದೇ ಮನೆಯಲ್ಲಿ ವಾಸಕ್ಕಿದ್ದ ಆರ್ಥರ್ ವೆಲ್ಲೆಸ್ಲಿ, ತನ್ನವರೇ ಸೋತ ಆ ಚಿತ್ರವನ್ನು ಸರಿಪಡಿಸಿದ. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಿದರು. ಅಂದರೆ ಮಗು ನೋಡುತ್ತಿರುವುದು ಗೆದ್ದ ಟಿಪ್ಪು ಬರೆಸಿದ್ದನ್ನು, ಟಿಪ್ಪುವನ್ನು ಗೆದ್ದವರು ಮತ್ತೆ ಬರೆಸಿದ್ದನ್ನು. ಅಷ್ಟು ದೂರದ ಲಂಡನ್ನಿನಲ್ಲಿ 1800ರಲ್ಲೇ ಶ್ರೀರಂಗಪಟ್ಟಣದ ಪತನವನ್ನು ಭಾರಿ ಪನೋರಮಾ ಚಿತ್ರವಾಗಿ ಬರೆದು ಟಿಕೆಟ್ ಇಟ್ಟು ತೋರಿಸಿದರು. ಬರೆದವನು ರಾಬರ್ಟ್ ಕೆರ್ ಪೋರ್ಟರ್. ಎರಡು ಚಿತ್ರ, ಎರಡು ಗೆಲುವು. ಎರಡರಲ್ಲೂ ಅರಕೆರೆಯ ರೈತನೊಬ್ಬನೂ ಇಲ್ಲ.

ಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೂ ಕರೆದೊಯ್ಯಿರಿ. ಅಲ್ಲಿ ಮಲಗಿರುವವರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಿದ ಡಿ ಮೊರೋನ್ ಪಡೆಯವರಿದ್ದಾರೆ. ಮೊದಲು ಡಚ್ಚರ ಕೂಲಿ, ಆಮೇಲೆ ಇಂಗ್ಲಿಷರ ಕೂಲಿ. ಪಾಂಡವಪುರಕ್ಕೆ ನಮ್ಮ ಅಜ್ಜಂದಿರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದದ್ದು ಹೈದರ್, ಟಿಪ್ಪುವಿನ ಬಳಿ ಕೆಲಸಕ್ಕಿದ್ದ ಫ್ರೆಂಚ್ ಸೈನಿಕರಿಂದ. ಕಾರ್ನ್‌ವಾಲಿಸನ ದಂಡಿನಲ್ಲಿ ಹೆಚ್ಚಿನವರು ತಮಿಳು, ತೆಲುಗು ನಾಡಿನ ಸಿಪಾಯಿಗಳು. ‘ಅವರು’, ‘ನಾವು’ ಎಂಬ ಗೆರೆ ಅಷ್ಟು ಸುಲಭವಾಗಿ ಎಳೆಯುವಂಥದ್ದಲ್ಲ ಎಂದು ಮಗುವಿಗೆ ಆ ಗೋರಿಗಳೇ ಹೇಳುತ್ತವೆ.

ಈಗ ಮಕ್ಕಳ ವಿಷಯ. ಯುದ್ಧದ ಪಾಠದಲ್ಲಿ ಮಕ್ಕಳೇ ಇಲ್ಲ ಎಂದುಕೊಂಡಿದ್ದೇವೆ, ಇದ್ದಾರೆ. 1792ರ ಫೆಬ್ರವರಿ 26ರಂದು ಕೋಟೆಯಿಂದ ಆನೆಯ ಮೇಲೆ ಹೊರಬಂದ ಟಿಪ್ಪುವಿನ ಮಗ ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬ ಮಗ ಮುಯಿಜುದ್ದೀನನಿಗೆ ಸುಮಾರು ಎಂಟು. ಐದನೇ ಕ್ಲಾಸು, ಮೂರನೇ ಕ್ಲಾಸು ಎನ್ನಿ. ಅಪ್ಪ ಹಣ ಕಟ್ಟುವ ತನಕ ಒತ್ತೆಯಾಳುಗಳಾಗಿ ಮದರಾಸಿನಲ್ಲಿದ್ದು 1794ರಲ್ಲಿ ಹಿಂದಿರುಗಿದರು. ಅವರನ್ನು ಕಾರ್ನ್‌ವಾಲಿಸ್ ಪ್ರೀತಿಯಿಂದ ಬರಮಾಡಿಕೊಂಡ ದೃಶ್ಯವನ್ನು ಇಂಗ್ಲೆಂಡಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು. ನಮ್ಮ ಸಾಮ್ರಾಜ್ಯ ಎಷ್ಟು ಕರುಣೆಯುಳ್ಳದ್ದು ನೋಡಿ ಎಂದು ತೋರಿಸುವುದಕ್ಕೆ. 1799ರ ಜೂನ್ 30ರಂದು ಮೈಸೂರಿನ ಸಿಂಹಾಸನದ ಮೇಲೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಐದು ತುಂಬಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅಂಗನವಾಡಿಯ ಮಗು. ಆ ಮಗುವಿನ ಹೆಸರಿನಲ್ಲಿ ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕಟ್ಟುವ ಕರಾರಾಯಿತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು, 1806ರಲ್ಲಿ ಅಲ್ಲಿನ ಸಿಪಾಯಿಗಳು ದಂಗೆಯೆದ್ದ ಮೇಲೆ ಕಲ್ಕತ್ತೆಗೆ. ಸೋತ ಮನೆಯ ಮಕ್ಕಳು, ಗದ್ದುಗೆ ಸಿಕ್ಕಿದ ಮನೆಯ ಮಗು, ಯಾರನ್ನೂ ಯಾರೂ ಏನೂ ಕೇಳಲಿಲ್ಲ. ಇವರ ವಯಸ್ಸನ್ನು ಕಪ್ಪುಹಲಗೆಯ ಮೇಲೆ ಬರೆದರೆ ತರಗತಿಯಲ್ಲಿರುವ ಮಕ್ಕಳು ಒಪ್ಪಂದದ ನಿಬಂಧನೆಗಳನ್ನು ಬೇರೆ ರೀತಿ ಓದುತ್ತಾರೆ.

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ. ಆ 3 ಕೋಟಿ 30 ಲಕ್ಷದ ಲೆಕ್ಕವನ್ನು ವಿಲ್ಕ್ಸ್ ಕೊಟ್ಟಿದ್ದಾನೆ. 1 ಕೋಟಿ 10 ಲಕ್ಷ ಖಜಾನೆಯಿಂದ, 60 ಲಕ್ಷ ಸೈನ್ಯದವರ ಕಾಣಿಕೆಯಾಗಿ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳ ಮತ್ತು ಪ್ರಜೆಗಳ ಮೇಲೆ. ಅಂದರೆ ಹೆಚ್ಚುಕಡಿಮೆ ಅರ್ಧ. ರಾಜ್ಯವೇ ಅರ್ಧ ಹೋಗಿರುವಾಗ ಉಳಿದರ್ಧದ ಜನ ಅದನ್ನು ತುಂಬಬೇಕು. ವಿಲ್ಕ್ಸ್ ಗೆದ್ದ ಪಕ್ಷದವನು, ಟಿಪ್ಪುವಿನ ಬಗ್ಗೆ ಒಳ್ಳೆಯದನ್ನು ಬರೆಯುವ ಮನಸ್ಸು ಅವನಿಗಿರಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿಯೇ ಈ ಲೆಕ್ಕ ಹೇಳಬೇಕು. ಆದರೂ ಯುದ್ಧದ ದಂಡ ಕೊನೆಗೆ ಬಂದು ನಿಲ್ಲುವುದು ಶಾನುಭೋಗನ ಕಡತದಲ್ಲಿ, ಪಟೇಲನ ಚಾವಡಿಯಲ್ಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಸಾಮ್ರಾಜ್ಯ ಎಂದರೆ ಏನು ಎಂದು ಕೇಳಿದರೆ ಮಕ್ಕಳು ಭೂಪಟದ ಮೇಲಿನ ಬಣ್ಣ ತೋರಿಸುತ್ತಾರೆ. ನಾನು ಅವರಿಗೆ ಒಂದು ಲೆಕ್ಕದ ಸಾಲು ತೋರಿಸುತ್ತೇನೆ. 1799ರಲ್ಲಿ ಗೊತ್ತಾದ 7 ಲಕ್ಷ ವರಹ, ರೂಪಾಯಿಯಲ್ಲಿ 24 ಲಕ್ಷ 50 ಸಾವಿರ. ಮೈಸೂರು ಅದನ್ನು ವರ್ಷ ವರ್ಷವೂ ಕಟ್ಟಿತು. 1881ರಲ್ಲಿ ಇಂಗ್ಲಿಷರ ಕೈಯಿಂದ ರಾಜ್ಯ ಒಡೆಯರಿಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸುವ ಕರಾರಾಯಿತು, ಬರದ ಸಾಲ ಮೈಮೇಲಿದ್ದುದರಿಂದ 1896ರಿಂದ ಜಾರಿಗೆ ಬಂತು. 1928ರಲ್ಲಿ ಮತ್ತೆ 24 ಲಕ್ಷ 50 ಸಾವಿರಕ್ಕೆ ಇಳಿಯಿತು. ಈಗ ಇದರ ಪಕ್ಕದಲ್ಲಿ ಇನ್ನೊಂದು ಇಸವಿ ಇಡಿ: 1911, ಕನ್ನಂಬಾಡಿ ಕಟ್ಟೆಯ ಕೆಲಸ ಶುರು. ಮಂಡ್ಯ ಸೀಮೆಗೆ ಅನ್ನ ಕೊಟ್ಟ ಆ ಕಟ್ಟೆಯನ್ನು ಕಟ್ಟುತ್ತಿದ್ದ ಹೆಚ್ಚಿನ ವರ್ಷಗಳಲ್ಲಿ ಇದೇ ಸಂಸ್ಥಾನ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕಟ್ಟುತ್ತಿತ್ತು. ನೂರು ವರ್ಷದ ಹಿಂದೆ ಸತ್ತ ಒಬ್ಬ ಸುಲ್ತಾನನನ್ನು ಸೋಲಿಸಿದ್ದಕ್ಕೆ, ಆ ಸೋಲಿನಿಂದ ರಾಜ್ಯ ಸಿಕ್ಕಿದ್ದಕ್ಕೆ. ಆ ಹಣದಲ್ಲಿ ಎಷ್ಟು ಶಾಲೆ, ಎಷ್ಟು ಕೆರೆ ಆಗಬಹುದಿತ್ತು ಎಂದು ಮಕ್ಕಳು ಲೆಕ್ಕ ಹಾಕಲಿ. ಗಣಿತದ ಮೇಡಂ ಜೊತೆಗೂಡಿದರೆ ಇನ್ನೂ ಚೆನ್ನ.

ಕಪ್ಪದ ಜೊತೆ ಜನವೂ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆ ದಂಡಿನಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಧೈರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಎದುರಿಸಿದ್ದು ಆಟೊಮನ್ ತುರ್ಕರನ್ನು. ಇಂಗ್ಲಿಷರ ವಿರುದ್ಧ ನೆರವು ಬೇಕೆಂದು ಟಿಪ್ಪು 1786ರಲ್ಲಿ ರಾಯಭಾರಿಗಳನ್ನು ಕಳುಹಿಸಿದ್ದು ಅದೇ ತುರ್ಕರ ಸುಲ್ತಾನನ ಬಳಿಗೆ. ಮೈಸೂರಿನ ರೈತನ ಮಗ ಅಷ್ಟು ದೂರ ಹೋಗಿ ಯಾರ ಯುದ್ಧ ಮಾಡಿದ? ಈ ಪ್ರಶ್ನೆಯನ್ನು ಕೇಳಿದ ಮಾತ್ರಕ್ಕೆ ಅವನ ವೀರತನ ಕಡಿಮೆಯಾಗುವುದಿಲ್ಲ.

ಸಾಮ್ರಾಜ್ಯವನ್ನು ಹೊರಗಿನವರು ಮಾತ್ರ ಕಟ್ಟಿದರು ಎಂಬ ಭಾವನೆಯೂ ಮಕ್ಕಳಲ್ಲಿ ಉಳಿಯಬಾರದು. ಈ ನೆಲದ ಹೊಯ್ಸಳ ಗುಡಿಗಳನ್ನು, ಹೊಸಹೊಳಲನ್ನು, ಕಿಕ್ಕೇರಿಯನ್ನು, ಗೋವಿಂದನಹಳ್ಳಿಯನ್ನು, ಈ ಊರಿನ ಮಹಾಲಿಂಗೇಶ್ವರನನ್ನು ಹೆಮ್ಮೆಯಿಂದ ತೋರಿಸುತ್ತೇವೆ, ತೋರಿಸಬೇಕು. ನಮ್ಮ ತಾಲ್ಲೂಕಿನದೇ ಅಗ್ರಹಾರಬಾಚಹಳ್ಳಿಯಲ್ಲಿ ಗುಡಿಯ ಮುಂದೆ ನಿಂತಿರುವ ಕಂಬಗಳನ್ನೂ ತೋರಿಸಬೇಕು. ಮೇಲೆ ಆನೆ, ಆನೆಯ ಮೇಲೆ ಗರುಡ. ಹೊಯ್ಸಳ ಅರಸರಿಗೆ ಗರುಡರಾಗಿದ್ದ ಒಂದು ಮನೆತನ, ತಲೆಮಾರು ತಲೆಮಾರಾಗಿ, ತಮ್ಮ ದೊರೆ ಸತ್ತಾಗ ತಾವೂ ಪ್ರಾಣ ಬಿಟ್ಟ ದಾಖಲೆ ಅದು. ಗಂಡಸರು ಮಾತ್ರವಲ್ಲ, ಹೆಂಡತಿಯರು, ಆಳುಕಾಳುಗಳೂ ಜೊತೆಗೆ. ಹದಿಮೂರನೇ ಶತಮಾನದ ಶಾಸನ ಅವರ ಹೆಸರುಗಳನ್ನು ಸಾಲಾಗಿ ಹೇಳುತ್ತದೆ. ದೊರೆಗಾಗಿ ಸಾಯುವುದು ಗೌರವ ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಲಘುವಾಗಿ ಕಾಣಬಾರದು. ಆದರೆ ಆಳುಗಳನ್ನು ಯಾರಾದರೂ ಕೇಳಿದ್ದರೇ ಎಂದು ಏಳನೇ ತರಗತಿಯ ಹುಡುಗಿ ಕೇಳಿದರೆ ಮೇಷ್ಟ್ರು ಮುಖ ತಿರುಗಿಸಬಾರದು. ಸುತ್ತಲಿನ ಊರುಗಳ ವೀರಗಲ್ಲುಗಳೂ ಹೀಗೆಯೇ. ತುರು ಹಿಡಿದವರ ಜೊತೆ ಕಾದು ಸತ್ತವನು, ಊರಳಿವಿನಲ್ಲಿ ಸತ್ತವನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಮಾಸ್ತಿಕಲ್ಲು ಪಕ್ಕದಲ್ಲೇ. ಯುದ್ಧದ ಮೊದಲ ಪಾಠ ನಾಲ್ಕು, ಐದನೇ ತರಗತಿಗೆ ಇಲ್ಲಿಂದಲೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ರಕ್ತದ ವರ್ಣನೆ ಬೇಕಿಲ್ಲ. ಇವನು ಯಾರು, ಏಕೆ ಸತ್ತ, ಕಲ್ಲು ಯಾರು ಹಾಕಿಸಿದರು, ಅವನ ಮನೆಯವರು ಆಮೇಲೆ ಏನಾದರು, ಇಷ್ಟು ಸಾಕು.

ಕೆಲವು ಪೋಷಕರು ಹೇಳುತ್ತಾರೆ: ಇಷ್ಟೆಲ್ಲ ಕಷ್ಟದ ವಿಷಯ ಎಳೆಯ ಮನಸ್ಸಿಗೆ ಏಕೆ? ಒಳ್ಳೆಯದನ್ನು ಹೇಳಿ, ದೇಶಾಭಿಮಾನ ಬರುವ ಹಾಗೆ ಹೇಳಿ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಒಂದು ಉದಾಹರಣೆ ಹೇಳುತ್ತೇನೆ. ಜಪಾನಿನಲ್ಲಿ ಇಯೆನಾಗಾ ಸಬುರೋ ಎಂಬ ಚರಿತ್ರೆಕಾರರಿದ್ದರು. ಯುದ್ಧಕಾಲದಲ್ಲಿ ಅವರೂ ಮೇಷ್ಟ್ರಾಗಿದ್ದರು, ತಮ್ಮ ವಿದ್ಯಾರ್ಥಿಗಳು ರಣರಂಗಕ್ಕೆ ಹೋಗುವುದನ್ನು ಸುಮ್ಮನೆ ನೋಡಿದ ನೋವು ಅವರನ್ನು ಬಿಡಲಿಲ್ಲ. ತಮ್ಮ ದೇಶ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ್ದನ್ನು ಪಠ್ಯದಲ್ಲಿ ಬರೆದಾಗ ಸರ್ಕಾರ ತಿದ್ದು ಎಂದಿತು. 1965ರಲ್ಲಿ ಕೋರ್ಟಿಗೆ ಹೋದರು. ಕೊನೆಯ ತೀರ್ಪು ಬಂದದ್ದು 1997ರಲ್ಲಿ. ಎಲ್ಲದರಲ್ಲೂ ಗೆಲ್ಲಲಿಲ್ಲ, ಕೆಲವು ಮುಖ್ಯ ವಿಷಯಗಳಲ್ಲಿ ಗೆದ್ದರು. ಅವರಿಗೆ ದೇಶಾಭಿಮಾನ ಇರಲಿಲ್ಲ ಎಂದು ನಾನು ಹೇಳಲಾರೆ. ಮೂರು ಸಲ ದೊಡ್ಡ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿ 2006ರಲ್ಲಿ ಎರಡೂ ದೇಶದ ಮಕ್ಕಳಿಗೆ ಒಂದೇ ಚರಿತ್ರೆಯ ಪಠ್ಯಪುಸ್ತಕ ತಂದವು. ನಮ್ಮ ಮೈಸೂರು, ಪುಣೆ, ಹೈದರಾಬಾದ್, ಕೊಡಗು, ಮಲಬಾರುಗಳ ಮೇಷ್ಟ್ರುಗಳು ಒಂದೆಡೆ ಕೂತು ಹದಿನೆಂಟನೇ ಶತಮಾನದ ಒಂದೇ ಒಂದು ಪಾಠವನ್ನು ಒಟ್ಟಿಗೆ ಬರೆಯಲಾರರೇ?

ಅದು ದೊಡ್ಡ ಆಸೆ. ಈ ವರ್ಷವೇ ಮಾಡಬಹುದಾದದ್ದೂ ಇದೆ. ಜೂನ್‌ನಿಂದ ಡಿಸೆಂಬರಿನೊಳಗೆ ಸಿಲಬಸ್ ಮುಗಿಸಿ ಪಾಸಿಂಗ್ ಪ್ಯಾಕೇಜಿಗೆ ಓಡುವ ಮೇಷ್ಟ್ರಿಗೆ ಸಮಯವಿಲ್ಲ ಎಂಬುದು ಗೊತ್ತು. ಆದ್ದರಿಂದ ಕಡಿಮೆ ಕೇಳುತ್ತೇನೆ. ಹೋಬಳಿಯ ಪ್ರತಿ ಶಾಲೆಯೂ ತನ್ನ ಊರಿನ ವೀರಗಲ್ಲು, ಮಾಸ್ತಿಕಲ್ಲು, ಹಾಳು ಹಗೇವು, ಹಾಳೂರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಎಲ್ಲಿದೆ, ಜನ ಏನು ಹೇಳುತ್ತಾರೆ, ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕೃಷ್ಣರಾಜಪೇಟೆಯ ಶಾಸನಗಳ ಸಂಪುಟ ಏನು ಹೇಳುತ್ತದೆ, ಎರಡೂ ಬೇರೆ ಬೇರೆ ಪುಟದಲ್ಲಿ ಇರಲಿ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಓಡಾಡಿ ಯಾವ ಬೆಳೆ, ಎಷ್ಟು ಕಂದಾಯ, ಯಾವ ಊರು ಪಾಳು ಎಂದೆಲ್ಲ ಬರೆದುಕೊಂಡ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕು ಎಂದು ಅವನ ಅಂದಾಜು. ಅವನು ಬಂದಾಗ ಇದ್ದವರು ಸುಮಾರು 32 ಸಾವಿರ. ಅವನು ಬರೆದದ್ದು ಗೆದ್ದವರಿಗೆ ಆದಾಯ ಎಷ್ಟು ಬರಬಹುದು ಎಂದು ತಿಳಿಯಲು. ನಮ್ಮ ಮಕ್ಕಳು ಬರೆಯುವುದು ತಮ್ಮವರಿಗೆ ಏನಾಯಿತು ಎಂದು ತಿಳಿಯಲು.

ಈ ಉಪನ್ಯಾಸದ ದತ್ತಿಯನ್ನು ಇಟ್ಟಿರುವ ಮನೆಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬರುವ ವರ್ಷದ ಉಪನ್ಯಾಸಕ್ಕೆ ನನ್ನಂಥವರನ್ನು ಕರೆಯುವ ಬದಲು ಆ ನೋಟ್‌ಬುಕ್ಕುಗಳನ್ನು ತರಿಸಿ. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಇದೇ ವೇದಿಕೆಯ ಮೇಲೆ ತಮ್ಮ ಊರಿನ ಒಂದೊಂದು ಕಲ್ಲಿನ ಬಗ್ಗೆ ಹತ್ತು ಹತ್ತು ನಿಮಿಷ ಮಾತಾಡಲಿ. ನಾವು ಕೆಳಗೆ ಕೂತು ಪ್ರಶ್ನೆ ಕೇಳೋಣ. ಇದು ನಿಮಗೆ ಹೇಗೆ ಗೊತ್ತು ಎಂಬುದು ಮೊದಲ ಪ್ರಶ್ನೆಯಾಗಿರಲಿ.